ಅತ್ತೆಯ ಪಾಲಿನ ಸ್ನಾನ

ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಾದ ಮೈಸೂರು ಮೈನ್ಸಿನ ಕಾರ್ಮಿಕರ ಲೈನ್ ಮನೆಯಲ್ಲಿ ನಾವಿದ್ದಾಗ, ಬೇತಮಂಗಲದ ಕೆರೆ ನೀರು ಬೀದಿ ನಲ್ಲಿಗೆ ಬರುವ ಮೊದಲೇ ನಮ್ಮತ್ತೆ ಕೊಡ ಹಿಡಿದು ನಿಂತಿರುತ್ತಿದ್ದರು. ತಲೆಯ ಮೇಲಿಂದ ನೀರು ಸುರಿದುಕೊಳ್ಳದೆ ಅವರು ದೀಪ ಹಚ್ಚಿದವರಲ್ಲ. ದೀಪ ಹಚ್ಚದೆ ಒಂದು ಗುಟುಕು ಕಾಫಿ ಕುಡಿದವರಲ್ಲ. ಅವರ ಮಗ, ಅಂದರೆ ನನ್ನ ಯಜಮಾನರು, ಬೆಳಗಿನ ಪಾಳಿಗೆ ಗಣಿಯೊಳಕ್ಕೆ ಇಳಿಯುವ ಹೊತ್ತಿಗೆ ಮನೆಯಲ್ಲಿ ದೀಪ ಉರಿಯುತ್ತಿರಬೇಕು. ಚಳಿ, ಜ್ವರ ಯಾವುದೂ ಅದಕ್ಕೆ ಅಡ್ಡ ಬರುವಂತಿರಲಿಲ್ಲ.

ಅರವತ್ತರ ದಶಕ ಶುರುವಾದ ಹೊಸತರಲ್ಲಿ ಅವರ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಲೈನಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಆ ಕಾಯಿಲೆ' ಅನ್ನುತ್ತಿದ್ದರು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಗಂಟು ತೆಗೆದರು. ಗಾಯ ಮಾಗಿದ ಮೇಲೆ ಕೆಲವು ವಾರ ಕರೆಂಟು, ಅಂದರೆ ವಿಕಿರಣ, ಕೊಡಬೇಕು, ಇಲ್ಲದಿದ್ದರೆ ಅದು ಮತ್ತೆ ಬರುತ್ತದೆ ಎಂದರು. ಯಜಮಾನರಿಗೆ ಅಷ್ಟು ರಜೆ ಇಲ್ಲ. ಆಸ್ಪತ್ರೆಯ ಹತ್ತಿರದ ಛತ್ರದಲ್ಲಿ ಅತ್ತೆ, ನಾನು ಉಳಿದೆವು. ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟೌ, ಹಳೇ ಸೀರೆಯಲ್ಲಿ ಸುತ್ತಿ ತಂದ ಹಿತ್ತಾಳೆ ದೀಪ, ಇಷ್ಟೇ ನಮ್ಮ ಸಂಸಾರ.

ಮೊದಲ ದಿನವೇ ಡಾಕ್ಟರು ಅವರ ಎದೆಯಿಂದ ಕಂಕುಳವರೆಗೆ ನೇರಳೆ ಮಸಿಯಲ್ಲಿ ಗೆರೆ ಎಳೆದರು. ಕೋಲಾರದ ಕಡೆಯ ನರ್ಸಮ್ಮ ಒತ್ತಿ ಒತ್ತಿ ಹೇಳಿದರು: "ಅಜ್ಜೀ, ಈ ಗೆರೆ ಅಳಿಸ್ಬಾರ್ದು. ಮುಗಿಯೋ ತನಕ ಮೈ ಮೇಲಕ್ಕೆ ನೀರು ಆಕ್ಕೊಬೇಡಿ. ಮುಖ, ಕೈಕಾಲು ಒರೆಸ್ಕೊಳ್ಳಿ, ಸಾಕು."

ಆಮೇಲೆ ದಪ್ಪ ಬಾಗಿಲಿನ ಕೋಣೆಯಲ್ಲಿ ಯಂತ್ರದ ಕೆಳಗೆ ಮಲಗಿಸಿ ಎಲ್ಲರೂ ಹೊರಗೆ ಬಂದುಬಿಟ್ಟರು. ಒಳಗಿನಿಂದ ಗುಂಯ್ ಎಂಬ ಸದ್ದೊಂದೇ. ಬಾಗಿಲು ತೆರೆದಾಗ ಅತ್ತೆ ಸೆರಗು ಸರಿ ಮಾಡಿಕೊಳ್ಳುತ್ತಾ, "ಏನೂ ಮಾಡ್ಲೇ ಇಲ್ಲ ಕಣಮ್ಮಿ. ಬಿಸಿ ಇಲ್ಲ, ನೋವಿಲ್ಲ. ನನ್ ಮಗ ದಿನಾ ಭೂಮಿ ಒಳಕ್ಕೆ ಇಳೀತಾನೆ, ನಾನ್ ಒಂದ್ ಗಳಿಗೆ ಮಲಗಕ್ಕಾಗಲ್ವಾ?" ಎಂದರು.

ಮಲಗುವುದಕ್ಕೆ ಅವರು ಹೆದರಲಿಲ್ಲ. ನೀರಿಲ್ಲದ್ದಕ್ಕೆ ಹೆದರಿದರು. ಮರುದಿನ ಬೆಳಿಗ್ಗೆ ದೀಪದ ಮುಂದೆ ಸುಮ್ಮನೆ ಕೂತರು. ಹಚ್ಚಲಿಲ್ಲ. ಕಾಫಿ ಕೊಟ್ಟರೆ ಲೋಟ ಪಕ್ಕಕ್ಕೆ ಸರಿಸಿದರು, ಊಟವನ್ನೂ ಮುಟ್ಟಲಿಲ್ಲ. ಅದರ ಮಾರನೇ ದಿನವೂ ಅಷ್ಟೇ. "ಮೈ ತೊಳೀದೆ ದೇವರ ಮುಂದೆ ಕೈ ಚಾಚಲ್ಲ. ಊರಿಗೆ ಓಗಾನ, ಬಾ" ಎಂದರು. ಉಪವಾಸದಲ್ಲಿ ಆ ಸೊರಗಿದ ಮೈ ಎಷ್ಟು ದಿನ ತಡೆದೀತು?

ನನಗೆ ತೋಚಿದ್ದನ್ನು ಹೇಳಿದೆ. "ಅತ್ತೆ, ನಿಮ್ಮ ಮಗ ಹೇಳ್ತಾರಲ್ಲ, ಗಣಿ ಒಳಗೆ ಬಂಡೆ ಮೇಲೆ ಗುರುತು ಹಾಕಿದ ಕಡೆನೇ ತೂತು ಕೊರೆದು ಮದ್ದು ತುಂಬ್ತಾರಂತೆ. ಸಿಡಿಸೋವಾಗ ಎಲ್ಲಾರೂ ಆಚೆ ಬತ್ತಾರಂತೆ. ಇದೂ ಅಂಗೇ. ಗುರುತು ಅಳಿಸಿದ್ರೆ ಮದ್ದು ಎಲ್ಲಿಗೆ ಓಗಿ ಬೀಳ್ತದೋ!"

ಅವರು ಎದೆಯ ಗೆರೆಯನ್ನೇ ಬಹಳ ಹೊತ್ತು ನೋಡಿಕೊಂಡರು.

ಮರುದಿನ ನಾನು ಸ್ನಾನ ಮುಗಿಸಿ ತಲೆಗೆ ಟವೆಲ್ ಸುತ್ತಿಕೊಂಡು ಬಂದೆ.

"ಅಮ್ಮಿ, ಇನ್ನೊಂದ್ ಸಲ ಓಗಿ ಮಾಡ್ಕೊಂಡ್ ಬಾ."

"ಯಾಕತ್ತೆ? ಈಗ್ತಾನೆ ಆಯ್ತಲ್ಲ."

"ಅದು ನಿಂದು. ಇನ್ನೊಂದು ನಂದು. ಗಂಡನ ಎಸ್ರಲ್ಲಿ ಎಂಡ್ತಿ ಒಪ್ಪೊತ್ತಿದ್ರೆ ಪುಣ್ಯ ಅವ್ನಿಗೆ ಓಗಲ್ವಾ? ಅಂಗೇ ನೀರೂ ಓಗ್ತದೆ."

ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಮತ್ತೆ ಹೋಗಿ ತಣ್ಣೀರು ಸುರಿದುಕೊಂಡೆ. ಬಂದಾಗ ನನ್ನ ಒದ್ದೆ ಕೂದಲನ್ನು ಮುಟ್ಟಿ ನೋಡಿ, ಆ ತೇವದ ಬೆರಳನ್ನು ಕಣ್ಣಿಗೆ ಒತ್ತಿಕೊಂಡು ದೀಪ ಹಚ್ಚಿದರು. ಆ ಬೆಳಕಿನಲ್ಲಿ ಅವರ ಮುಖ ಈಗಷ್ಟೇ ಮಿಂದವರ ಹಾಗೆ ಹೊಳೆಯಿತು. ಅವತ್ತು ಎರಡು ಲೋಟ ಕಾಫಿ ಕುಡಿದರು.

ಆಮೇಲೆ ದಿನಾ ಹೀಗೆಯೇ. ನಲ್ಲಿಯ ಹತ್ತಿರದ ಹೆಂಗಸರು, "ಏನಮ್ಮಾ, ಕೋಲಾರದ ಕಡೆ ಕೊಳೆ ಒಂದೇ ಸಲಕ್ಕೆ ಹೋಗಲ್ವಾ?" ಎಂದು ರೇಗಿಸುತ್ತಿದ್ದರು. ಅತ್ತೆಯದಂತೂ ಬೇರೆಯೇ ತಕರಾರು: "ನಾನ್ ಇಷ್ಟ್ ಬೇಗ ಸ್ನಾನ ಮುಗಿಸಲ್ಲ. ನಂದನ್ನ ನಿದಾನಕ್ಕೆ ಮಾಡು."

ಶನಿವಾರ ಊರಿಗೆ ಹೋಗಿ ಭಾನುವಾರ ಸಂಜೆ ಹೊರಡುತ್ತಿದ್ದೆವು. ಯಜಮಾನರು ಬಂಗಾರಪೇಟೆಯವರೆಗೆ ಬಂದು ಬೆಂಗಳೂರಿನ ರೈಲಿಗೆ ಹತ್ತಿಸುತ್ತಿದ್ದರು. ಚಿಕಿತ್ಸೆ ಇನ್ನೇನು ಮುಗಿಯಬೇಕು ಅನ್ನುವಾಗ ಒಂದು ಭಾನುವಾರ, ಅಲ್ಲಿ ರೈಲು ಬದಲಿಸುವ ಹೊತ್ತಿಗೆ ಮಳೆ ಹೊಡೆಯಿತು. ಅತ್ತೆ ಹೊದ್ದಿದ್ದ ಸೆರಗನ್ನು ತಲೆಯಿಂದ ಎಳೆದು ಎದೆಗೆ ಸುತ್ತಿ, ಎರಡೂ ಕೈ ಅಡ್ಡ ಕಟ್ಟಿ, ಬಗ್ಗಿ ಬಗ್ಗಿ ನಡೆದರು. ತಲೆಯಿಂದ ನೀರು ಸುರಿಯುತ್ತಿತ್ತು.

"ಅಮ್ಮೋ, ತಲೆ ಪೂರ್ತಿ ನೆನೀತು. ಇವತ್ತಿನ ಸ್ನಾನ ಆಯ್ತು ಬಿಡು" ಎಂದರು ಯಜಮಾನರು.

"ಸುಮ್ಕಿರ್ಲಾ! ಗೆರೆ ನೆಂದ್ರೆ ನಿನ್ ಎಂಡ್ತಿ ಉಯ್ಕೊಂಡಿರೋ ನೀರೆಲ್ಲಾ ದಂಡ."

ಹೆಂಗಸರ ಡಬ್ಬಿಯಲ್ಲಿ ಮೂಲೆಗೆ ಕೂತು ರವಿಕೆ ಸರಿಸಿ ನೋಡಿದೆವು. ಕಂಕುಳ ಹತ್ತಿರದ ಗೆರೆ ಮಾಸಿತ್ತು. ಗಂಟು ತೆಗೆದಾಗ ಅಳದವರು ಆಗ ಅತ್ತರು. ಬೆಂಗಳೂರು ಬರುವವರೆಗೆ ಎದೆಯ ಮೇಲಿನ ಕೈ ತೆಗೆಯಲಿಲ್ಲ.

ಬೆಳಿಗ್ಗೆ ನರ್ಸಮ್ಮ ಬಗ್ಗಿ ನೋಡಿ, ಡಾಕ್ಟರನ್ನು ಕರೆದರು. ಅವರು ಉಳಿದ ಗೆರೆಗಳಿಂದ ಅಳತೆ ಹಿಡಿದು ಮಾಸಿದ್ದನ್ನು ಮತ್ತೆ ತಿದ್ದಿದರು. "ಚೆನ್ನಾಗಿ ಕಾಪಾಡಿದ್ದೀರಿ" ಎಂದರು. ಅತ್ತೆ ನನ್ನ ಕಡೆ ನೋಡಿದರು, ಆ ಹೊಗಳಿಕೆಯಲ್ಲಿ ನನಗೂ ಪಾಲು ಕೊಡುವವರ ಹಾಗೆ.

ಕೊನೆಯ ದಿನ ಚರ್ಮ ಸುಟ್ಟ ರೊಟ್ಟಿಯಂತೆ ಕಪ್ಪಾಗಿತ್ತು. ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಗೆರೆ ಇನ್ನು ಬೇಡ, ಚರ್ಮ ಮಾಗಿದ ಮೇಲೆ ಉಗುರುಬೆಚ್ಚನೆಯ ನೀರು ಹಾಕಿಕೊಳ್ಳಬಹುದು ಎಂದರು. ಊರಿಗೆ ಬಂದೆವು. ಮಾಗುವವರೆಗೂ ನಾನೇ ದಿನಾ ಎರಡು ಸಲ ಮಿಂದೆ.

ಮಾಗಿದ ಮೇಲೆ ಅತ್ತೆ ಮೊದಲ ಸಲ ಮಿಂದ ಬೆಳಿಗ್ಗೆ, ನಾನು ನೀರು ಹದ ಮಾಡಿಟ್ಟು ಬಚ್ಚಲಿನ ತಟ್ಟಿಯ ಹೊರಗೆ ನಿಂತೆ. ಚೊಂಬಿನ ಸದ್ದು ಕೇಳಿತು, ನಿಂತಿತು. ಮತ್ತೆ ಶುರುವಾಯಿತು.

"ಅತ್ತೆ, ಸಾಕು ಬನ್ನಿ, ಚರ್ಮ ಇನ್ನೂ ಎಳೇದು!"

"ನಂದು ಆಗ್ಲೇ ಆಯ್ತು ಕಣಮ್ಮಿ. ಇದು ನಿಂದು. ನೀನ್ ಓಗಿ ದೀಪ ಅಚ್ಚು."

ಗಣಿಯ ಸೈರನ್ ಇನ್ನೂ ಕೂಗಿರಲಿಲ್ಲ. ಮೈಗೆ ಒಂದು ತೊಟ್ಟು ನೀರು ಹಾಕಿಕೊಳ್ಳದೆಯೇ ನಾನು ಒಳಗೆ ಹೋಗಿ ಬತ್ತಿಗೆ ಕಡ್ಡಿ ತಾಗಿಸಿದೆ.