ಸೂಜಿ ಸಿಸ್ಟರ್ ಮಾಡಿದ ಬ್ರೇಕು

ನಿವೃತ್ತಿಯ ದಿನ ನಮ್ಮ ದೊಡ್ಡಮ್ಮನಿಗೆ ಗೋಡೆ ಗಡಿಯಾರ ಕೊಡಬೇಕೆಂದು ಆಸ್ಪತ್ರೆಯವರು ತೀರ್ಮಾನಿಸಿದ್ದರು. ದೊಡ್ಡಮ್ಮ ಒಪ್ಪಲಿಲ್ಲ. "ಗಡಿಯಾರ ನೋಡ್ಕೊಂಡೇ ಮೂವತ್ತೊಂದು ವರ್ಷ ಓಡಿದೀನಿ. ರಿಪೇರಿ ಕೋಣೆಯಲ್ಲಿ ಒಂದು ಡ್ರಿಲ್ಲಿಂಗ್ ಮಷೀನು ಧೂಳು ತಿಂತಾ ಬಿದ್ದಿದೆಯಲ್ಲ, ಅದನ್ನ ಕೊಡಿ" ಅಂದರು. ಎಲ್ಲರೂ ನಕ್ಕರು. ಮಾರನೇ ದಿನ ತಳ್ಳುಗಾಡಿಯಲ್ಲಿ ಆ ಮಷೀನು ಮನೆಗೆ ಬಂತು.

ನಮ್ಮ ಹಳ್ಳಿಯ ಹತ್ತಿರ ಕಾಲೇಜು ಇರಲಿಲ್ಲವಾದ್ದರಿಂದ ನಾನು ಮೂರು ವರ್ಷ ದೊಡ್ಡಮ್ಮನ ಮನೆಯಲ್ಲಿದ್ದು ಓದಿದೆ. ಹಾಗಾಗಿ ಇದನ್ನೆಲ್ಲ ಹತ್ತಿರದಿಂದ ಕಂಡಿದ್ದೇನೆ. ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ಅವರ ಕೆಲಸವಾಗಿತ್ತು. ಊರಿಗೆಲ್ಲ ಅವರು 'ಸೂಜಿ ಸಿಸ್ಟರ್'. ಎಡಗೈಯಲ್ಲಿ ರೋಗಿಯ ಮೊಣಕೈ ಹಿಡಿದರೆಂದರೆ ಆ ಕೈ ಕದಲುತ್ತಿರಲಿಲ್ಲ. ಒದ್ದಾಡುವ ಮಗುವನ್ನು ಹಿಡಿಯಲೂ ಇನ್ನೊಬ್ಬರನ್ನು ಕರೆದವರಲ್ಲ. ಕೆಲವರ ನರ ಸೂಜಿ ಕಂಡರೆ ಪಕ್ಕಕ್ಕೆ ಜಾರುತ್ತದಂತೆ. ದೊಡ್ಡಮ್ಮ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದರೆ ಅದೂ ತೆಪ್ಪಗೆ ನಿಲ್ಲುತ್ತಿತ್ತು.

ಇಂಥವರು ಮನೆಯಲ್ಲಿ ಕೂರುವುದು ಹೇಗೆ? ಬೆಳಿಗ್ಗೆ ಐದಕ್ಕೇ ಎದ್ದು ಬಾಗಿಲ ತಿರುಪು ಬಿಗಿಮಾಡುವರು, ಗಟ್ಟಿಯಾಗಿದ್ದ ಮೊಳೆಯನ್ನು ಕಿತ್ತು ಮತ್ತೆ ಹೊಡೆಯುವರು. ಮಷೀನನ್ನು ಅಡುಗೆಮನೆಯ ಪಕ್ಕದಲ್ಲಿಟ್ಟರು, ಅಲ್ಲಿಂದ ಪಡಸಾಲೆಗೆ ತಂದರು, ಕೊನೆಗೆ ಹಿತ್ತಲ ಶೀಟಿನ ಕೆಳಗೆ ಸಾಗಿಸಿದರು. ಪ್ರತಿ ಸಲವೂ ಎತ್ತಲು ನನ್ನನ್ನೇ ಕರೆಯುತ್ತಿದ್ದರು.

"ನಿಮ್ಮ ದೊಡ್ಡಮ್ಮ ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದವಳು" ಎನ್ನುತ್ತಿದ್ದರು ದೊಡ್ಡಪ್ಪ. "ಚಕ್ರ ಇರೋದು ನಂಗೆ, ಸುತ್ತೋದು ಅವಳು."

ದೊಡ್ಡಪ್ಪ ಬಸ್ ಡ್ರೈವರ್ ಆಗಿದ್ದವರು. ಲಕ್ವ ಹೊಡೆದು ಎಡಗಾಲು ಬಿದ್ದುಹೋದ ಮೇಲೆ ಗಾಲಿಕುರ್ಚಿಗೆ ಬಂದಿದ್ದರು. ಆದರೂ ಸಂಜೆ ನಾಲ್ಕು ಗಂಟೆ ಮಾತ್ರ ಅವರದೇ ಆಗಿತ್ತು. ಒಬ್ಬರೇ ಗಾಲಿ ತಿರುಗಿಸಿಕೊಂಡು ಬೀದಿಯ ಮೂಲೆಯ ಚಹಾ ಅಂಗಡಿಗೆ ಹೋಗಿ ಹಳೆಯ ಗೆಳೆಯರ ಜೊತೆ ಜಗಳವಾಡಿ ಬರುತ್ತಿದ್ದರು. ನಮ್ಮ ಬೀದಿ ಇಳಿಜಾರು, ಅಂಗಡಿ ಇದ್ದದ್ದು ಮೇಲಿನ ತುದಿಗೆ. ಅಲ್ಲಲ್ಲಿ ನಿಂತು, ಬ್ರೇಕು ಹಾಕಿ, ಉಸಿರು ತೆಗೆದುಕೊಂಡು ಮುಂದೆ ಹೋಗಬೇಕು. ಒಂದು ದಿನ ಹಾಗೆ ನಿಂತಾಗ ಬಲಗಡೆಯ ಬ್ರೇಕಿನ ಹಿಡಿಕೆ ಕೂರುವ ಕಬ್ಬಿಣದ ಪಟ್ಟಿ ತೂತಿನ ಹತ್ತಿರವೇ ಮುರಿಯಿತು. ಕುರ್ಚಿ ಹಿಂದಕ್ಕೆ ಉರುಳಿ ದೀಪದ ಕಂಬಕ್ಕೆ ಬಡಿಯಿತು. ಮೈಗೆ ಏನೂ ಆಗಲಿಲ್ಲ. ಮಾರಿದ ಅಂಗಡಿಯವನು ಆ ಮಾದರಿ ಈಗ ಬರುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ ಎಂದ.

"ಬ್ರೇಕಿಲ್ಲದ ಗಾಡೀನ ಡಿಪೋದಿಂದ ಹೊರಗೆ ತೆಗೆದವನಲ್ಲ ನಾನು" ಎಂದು ದೊಡ್ಡಪ್ಪ ಕುರ್ಚಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿಬಿಟ್ಟರು.

"ನಾನು ತಳ್ಕೊಂಡು ಹೋಗ್ತೀನಿ ಬನ್ರೀ."

"ನೀನು ತಳ್ಳಿದ್ರೆ ನಾನು ಪ್ಯಾಸೆಂಜರ್ ಅಲ್ಲ ಕಣೇ, ಲಗೇಜು."

ನಾಲ್ಕು ಗಂಟೆಯಾದರೆ ಅವರ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಐದಾದರೆ ತಿರುಗಿ ಗೋಡೆ ನೋಡುತ್ತಿದ್ದರು. ಊಟ ಅರ್ಧಕ್ಕೆ ಇಳಿಯಿತು. ದೊಡ್ಡಮ್ಮನಿಗೆ ಆ ಒಂದು ಗಂಟೆ ಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಿತ್ತಲಿಗೆ ಹೋಗುವರು, ಒಳಗೆ ಬರುವರು, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವರು. ಐದನೇ ದಿನ ಗುಜರಿ ಅಂಗಡಿಯಿಂದ ಐದು ಮಿಲಿಮೀಟರ್ ದಪ್ಪದ ಪಟ್ಟಿಯೊಂದನ್ನು ತಂದು, ಮುರಿದದ್ದರ ಅಳತೆಗೆ ಗರಗಸದಲ್ಲಿ ಕೊಯ್ದರು. ಎರಡು ತೂತು ಹಾಕಿದರೆ ಮುಗಿಯಿತು ಎಂದುಕೊಂಡರು.

ಅವರು ಮಾಡಿದ ತಪ್ಪನ್ನು ರಕ್ತ ತೆಗೆಯುವವರೇ ಮಾಡಬೇಕು. ಪಟ್ಟಿಯನ್ನು ಎಡಗೈಯಲ್ಲಿ, ರೋಗಿಯ ಮೊಣಕೈ ಹಿಡಿದ ಹಾಗೆ, ಹಿಡಿದರು. ಮಷೀನಿನ ಜೊತೆ ಬಂದಿದ್ದ ವೈಸು, ಅಂದರೆ ವಸ್ತುವನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ, ಮೂಲೆಯಲ್ಲಿ ಹಾಗೇ ಬಿದ್ದಿತ್ತು. ತೂತು ಮುಕ್ಕಾಲು ಭಾಗ ಸಲೀಸಾಗಿ ಇಳಿಯಿತು. ಡ್ರಿಲ್ಲಿನ ಮೂತಿ ಇನ್ನೇನು ಆ ಕಡೆ ಹೊರಬರಬೇಕು, ಪಟ್ಟಿಯನ್ನು ಕಚ್ಚಿಕೊಂಡು ಗಿರ್ರನೆ ತಿರುಗಿಸಿತು. ಪಟ್ಟಿ ಅವರ ಬೆರಳ ಗೆಣ್ಣುಗಳ ಮೇಲೆ ಬಾರಿಸಿ, ಹಾರಿ, ನೀರಿನ ಡ್ರಮ್ಮಿಗೆ ಬಡಿಯಿತು. ನಾನು ಓಡಿ ಹೋಗುವಷ್ಟರಲ್ಲಿ ದೊಡ್ಡಮ್ಮ ಗಾಯಕ್ಕೆ ಒಂದೇ ಕೈಯಲ್ಲಿ ಬ್ಯಾಂಡೇಜು ಸುತ್ತುತ್ತಿದ್ದರು.

"ಅವರಿಗೆ ಹೇಳಬೇಡ" ಅಂದರು. ಹೇಳಬೇಕಾಗಲಿಲ್ಲ. ದೊಡ್ಡಪ್ಪ ಬ್ಯಾಂಡೇಜನ್ನು ಒಂದು ಸಲ ನೋಡಿದರು. "ಇನ್ನೊಂದು ಸಲ ಆ ಮಷೀನಿನ ಸದ್ದು ಕೇಳಿದ್ರೆ ನಾನು ಈ ಕುರ್ಚಿಗೇ ಹತ್ತಲ್ಲ. ಮಂಚದ ಮೇಲೇ ಇದ್ಬಿಡ್ತೀನಿ" ಅಂದರು. ಆಡಿದರೆ ಹಾಗೆ ನಡೆಯುವ ಮನುಷ್ಯ.

ಮಾರನೇ ಬೆಳಿಗ್ಗೆ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಪಕ್ಕದ ಬೀದಿಯ ಲೇತ್ ಅಂಗಡಿಗೆ ಹೋದರು. ದೊಡ್ಡಮ್ಮನನ್ನು ಕಂಡವನೇ ಲೇತ್ ನಡೆಸುವ ಟರ್ನರ್ ಮಡಚಿದ್ದ ಅಂಗಿಯ ತೋಳನ್ನು ಇಳಿಸಿಕೊಂಡ.

"ಸಿಸ್ಟರ್, ನಂಗೆ ಜ್ವರಗಿರ ಏನೂ ಇಲ್ಲ!"

"ಸುಮ್ನಿರಪ್ಪ, ಸೂಜಿ ತಂದಿಲ್ಲ" ಎಂದು ದೊಡ್ಡಮ್ಮ ಕೈ ತೋರಿಸಿದರು.

ಅವನು ಅರೆಗಳಿಗೆ ನೋಡಿದ. "ಕೈಯಲ್ಲಿ ಹಿಡಿದ್ರಾ?"

"ಗಟ್ಟಿಯಾಗೇ ಹಿಡಿದಿದ್ದೆ."

"ಎಲ್ರೂ ಗಟ್ಟಿಯಾಗೇ ಹಿಡಿದಿರ್ತಾರೆ. ರೋಗಿ ಕೈ ಎಳ್ಕೊಳ್ಳೋ ಮುಂಚೆ ಮುಖ ಕಿವುಚ್ತಾನೆ, ನಿಮಗೆ ಗೊತ್ತಾಗುತ್ತೆ. ಕಬ್ಬಿಣಕ್ಕೆ ಮುಖ ಎಲ್ಲಿದೆ? ಕೊಡಿ ಇಲ್ಲಿ, ಐದು ನಿಮಿಷದಲ್ಲಿ ನಾನೇ ಹಾಕ್ಕೊಡ್ತೀನಿ."

"ಬೇಡ. ನಾಳೆ ಇನ್ನೊಂದು ಸಡಿಲ ಆಗುತ್ತೆ, ನಾಳಿದ್ದು ಮತ್ತೊಂದು. ಎಲ್ಲದಕ್ಕೂ ಇನ್ನೊಬ್ಬರ ದಾರಿ ಕಾದೂ ಕಾದೂ ನಮ್ಮ ಮನೆಯವರು ಅರ್ಧ ಆಗಿದಾರೆ. ಕಲಿಸು."

ಟರ್ನರ್ ಕಲಿಸಿದ. ಮೊದಲು ವೈಸನ್ನು ಮಷೀನಿನ ಮೇಜಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಪಟ್ಟಿಯ ಕೆಳಗೆ ಮರದ ತುಂಡು ಇಟ್ಟು ವೈಸಿನಲ್ಲಿ ಕಚ್ಚಿಸಬೇಕು. ತೂತಿನ ಜಾಗಕ್ಕೆ ಸೆಂಟರ್ ಪಂಚಿನಿಂದ, ಅಂದರೆ ಚೂಪು ಮೊನೆಯ ಉಳಿಯಿಂದ, ಒಂದು ಚುಕ್ಕೆ ಹೊಡೆದರೆ ಡ್ರಿಲ್ ಜಾರುವುದಿಲ್ಲ. ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ದೊಡ್ಡದಕ್ಕೆ ವೇಗ ಕಡಿಮೆ, ನಡುನಡುವೆ ಎರಡು ಹನಿ ಎಣ್ಣೆ. ಹೊರಬರುವ ಹೊತ್ತಿಗೆ ಒತ್ತಡ ಇಳಿಸಬೇಕು. ಕಣ್ಣಿಗೆ ಕನ್ನಡಕ ಬೇಕು, ಕೈಯಲ್ಲಿ ಬಳೆ ಬೇಡ, ಸೆರಗು ಜೋತಾಡಬಾರದು.

"ಕಬ್ಬಿಣವನ್ನ ನೀವು ಹಿಡೀಬೇಡಿ ಸಿಸ್ಟರ್. ಅದನ್ನ ಹಿಡಿಯೋದನ್ನ ಬಿಗಿಮಾಡಿ."

ಬಳೆಗಳನ್ನು ದೊಡ್ಡಮ್ಮ ಅಲ್ಲೇ ಕಳಚಿ ನನ್ನ ಕೈಗೆ ಕೊಟ್ಟರು. ಮನೆಗೆ ಬಂದು ದೊಡ್ಡಪ್ಪ ಕೂತಿದ್ದ ಕುರ್ಚಿಯನ್ನು ಹೇಳದೆ ಕೇಳದೆ ಹಿತ್ತಲಿಗೆ ತಳ್ಳಿಕೊಂಡು ಹೋದರು. ಮಷೀನಿನ ಸ್ವಿಚ್ಚಿನ ಪಕ್ಕ ನಿಲ್ಲಿಸಿ, ಗಾಲಿಗೆ ಇಟ್ಟಿಗೆ ಕೊಟ್ಟರು.

"ಸ್ವಿಚ್ಚು ನಿಮ್ಮ ಕೈಯಲ್ಲಿರಲಿ. ನಾನು 'ರೈಟ್' ಅಂದ ಮೇಲೆ ಹಾಕಿ. ನನ್ನ ಕೈ ಪಟ್ಟಿ ಹತ್ರ ಕಂಡ್ರೆ ಆರಿಸಿ."

ದೊಡ್ಡಪ್ಪ ಸಿಡುಕಿನಿಂದ ಮುಖ ತಿರುಗಿಸಿದರು. ಬಿಗಿದ ವೈಸನ್ನು ಓರೆಗಣ್ಣಲ್ಲಿ ನೋಡಿದರು. ಕೈ ಚಾಚಿ ಅದನ್ನು ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ.

"ಕಂಡಕ್ಟರ್ ಬೇರೆ ಆಗ್ಬಿಟ್ಯಾ?" ಅಂದರು. ಬೆರಳು ಸ್ವಿಚ್ಚಿನ ಮೇಲೆ ಹೋಯಿತು.

"ರೈಟ್!"

ಪಟ್ಟಿಯ ಎರಡು ತೂತುಗಳೂ ಚೊಕ್ಕವಾಗಿ ಬಂದವು. ಕಬ್ಬಿಣ ಸುರುಳಿ ಸುರುಳಿಯಾಗಿ ಮೇಲೆದ್ದು ಬಿತ್ತು. ದೊಡ್ಡಮ್ಮನ ಎಡಗೈ ಮಾತ್ರ ತಾನಾಗಿಯೇ ಎರಡು ಸಲ ಪಟ್ಟಿಯ ಕಡೆ ಹೊರಟಿತು. ಎರಡು ಸಲವೂ ದೊಡ್ಡಪ್ಪ "ಹೋಲ್ಡಾನ್!" ಎಂದು ಕೂಗಿ ಮಷೀನು ನಿಲ್ಲಿಸಿದರು.

ಅಲ್ಲಿಗೆ ಮುಗಿಯಲಿಲ್ಲ. ಬ್ರೇಕಿನ ಹಿಡಿಕೆ ತಿರುಗುವುದು ಒಂದು ದುಂಡು ಕೀಲಿನ ಮೇಲೆ. ಹಳೆಯದು ಬಾಗಿಹೋಗಿತ್ತು. ಹೊಸ ಕೀಲಿನ ತುದಿಗೆ ಸಣ್ಣ ಅಡ್ಡ ತೂತು ಹಾಕಿ ತಂತಿ ಪಿನ್ನು ತೂರಿಸದಿದ್ದರೆ ಹಿಡಿಕೆ ಕಳಚಿಕೊಳ್ಳುತ್ತದೆ. ದುಂಡನೆಯದರ ಮೇಲೆ ಡ್ರಿಲ್ ನಿಲ್ಲಲಿಲ್ಲ, ತೂತು ಒಂದು ಮಗ್ಗುಲಿಗೆ ಹೋಯಿತು. ಎರಡನೆಯ ಕೀಲೂ ಹಾಗೇ ಹಾಳಾಯಿತು. ಕೀಲು ಕೊಯ್ಯಲೆಂದು ಗುಜರಿಯಿಂದ ತಂದ ದುಂಡು ಸರಳಿನಲ್ಲಿ ಉಳಿದದ್ದು ಇನ್ನೊಂದೇ ಕೀಲಿಗಾಗುವಷ್ಟು. ದೊಡ್ಡಮ್ಮ ಹಿತ್ತಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದರು.

"ಜಾರೋ ನರ ಇದು" ಎಂದು ಗೊಣಗಿದರು. "ಮೇಲಿಂದ ನೋಡಿದ್ರೆ ಎಲ್ಲ ಸರಿಯಾಗೇ ಕಾಣುತ್ತೆ."

ನನ್ನನ್ನು ಟರ್ನರ್ ಹತ್ತಿರ ಓಡಿಸಿದರು. ಅವನು ಲೇತ್ ನಿಲ್ಲಿಸದೆಯೇ ಉಪಾಯ ಹೇಳಿ ಕಳಿಸಿದ. ಕೀಲಿನ ಬೆನ್ನ ಮೇಲೆ ತೆಳ್ಳನೆಯ ಸ್ಟೀಲ್ ಸ್ಕೇಲನ್ನು ಅಡ್ಡ ಇಡಿ. ಮಷೀನು ಆರಿಸಿಯೇ ಡ್ರಿಲ್ಲಿನ ಮೊನೆಯನ್ನು ಮೆಲ್ಲಗೆ ಅದರ ಮೇಲೆ ಇಳಿಸಿ. ಮೊನೆ ನಟ್ಟನಡುವೆ ಇದ್ದರೆ ಸ್ಕೇಲು ಮಟ್ಟವಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ಒಂದು ಕಡೆ ವಾಲುತ್ತದೆ.

ದೊಡ್ಡಮ್ಮ ಸ್ಕೇಲಿಟ್ಟು ಮೊನೆ ಇಳಿಸಿದರು. ನಿಂತು ನೋಡುವ ಅವರಿಗೆ ಸ್ಕೇಲು ಮಟ್ಟವಾಗಿಯೇ ಕಂಡಿತು.

"ಎಡಕ್ಕೆ ವಾಲಿದೆ" ಅಂದರು ದೊಡ್ಡಪ್ಪ. ಕುರ್ಚಿಯಲ್ಲಿ ಕೂತವರ ಕಣ್ಣು ಸರಿಯಾಗಿ ಮಷೀನಿನ ಮೇಜಿನ ಎತ್ತರಕ್ಕಿತ್ತು.

ದೊಡ್ಡಮ್ಮ ವೈಸಿನ ಬೋಲ್ಟ್ ಸಡಿಲಿಸಿ ತುಸು ಸರಿಸಿದರು. "ಈಗ?"

"ಇನ್ನೂ ಕೂದಲೆಳೆಯಷ್ಟು. ಬಾ, ಬಾ, ಬಾ... ಹೋಲ್ಡಾನ್."

ವೈಸನ್ನು ಬಿಗಿಮಾಡಿದರು. ಸ್ಕೇಲು ತೆಗೆದು ಚುಕ್ಕೆ ಹೊಡೆದರು. "ರೈಟ್" ಎನ್ನುವಾಗ ದೊಡ್ಡಮ್ಮ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ತೂತು ನಡುಮಧ್ಯೆ ಇಳಿಯಿತು.

ಮಾರನೇ ದಿನ ನಾಲ್ಕು ಗಂಟೆಗೆ ದೊಡ್ಡಪ್ಪ ಹೊಸಿಲಿನ ಹಲಗೆ ಇಳಿದರು. "ಯಾರೂ ಹಿಂದೆ ಬರಬೇಡಿ" ಎಂದರು. ನಾವು ಬಾಗಿಲಲ್ಲಿ ನಿಂತೆವು. ದೀಪದ ಕಂಬದ ಹತ್ತಿರ, ಇಳಿಜಾರು ಕಡಿದಾದ ಕಡೆಯೇ, ಅವರು ನಿಂತು ಬ್ರೇಕು ಎಳೆದರು. ಎರಡೂ ಗಾಲಿಗಳಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದೊಡ್ಡಮ್ಮ ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ನಾಲ್ಕು ಬೆರಳ ಗುರುತು ರಾತ್ರಿಯವರೆಗೂ ಇತ್ತು. ಕುರ್ಚಿ ಕದಲಲಿಲ್ಲ. ದೊಡ್ಡಪ್ಪ ಬ್ರೇಕು ಬಿಟ್ಟು, ಮೂಲೆ ತಿರುಗಿ ಮರೆಯಾದರು.

ಆಮೇಲಿನ ಒಂದೂವರೆ ಗಂಟೆ ದೊಡ್ಡಮ್ಮ ಎಂಟು ಸಲವಾದರೂ ಬಾಗಿಲಿಗೆ ಬಂದು ಹೋದರು. ದೊಡ್ಡಪ್ಪ ಹಿಂತಿರುಗಿದಾಗ ಅವರ ತೊಡೆಯ ಮೇಲೆ ಅಡ್ಡಲಾಗಿ ಒಂದು ಊರುಗೋಲು ಇತ್ತು.

"ಇದ್ಯಾರದ್ದು?"

"ನಮ್ಮ ಹಳೇ ಚೆಕಿಂಗ್ ಇನ್ಸ್‌ಪೆಕ್ಟರ್‌ದು. ತುದಿಯ ಕೊಳವೆ ಕಳಚಿ ಬೀಳ್ತಿದೆಯಂತೆ, ಅಡ್ಡಕ್ಕೊಂದು ತೂತು ಹಾಕಿ ಪಿನ್ನು ಕೊಡಬೇಕು. ನಾಳೆ ನಾಲ್ಕಕ್ಕೆ ತಂದ್ಕೊಡ್ತೀನಿ ಅಂದಿದೀನಿ."

"ನನ್ನ ಕೇಳದೆ?"

"ಸ್ವಿಚ್ಚು ನನ್ನ ಕೈಯಲ್ಲಲ್ವೇನೇ?"

ದೊಡ್ಡಮ್ಮ ಊರುಗೋಲನ್ನು ತಿರುಗಿಸಿ ನೋಡಿದರು. "ಇದೂ ದುಂಡಗಿದೆ" ಎನ್ನುತ್ತ ಬಳೆ ಕಳಚಿಟ್ಟು ಹಿತ್ತಲಿಗೆ ನಡೆದರು. ದೊಡ್ಡಪ್ಪ ಬ್ರೇಕು ಬಿಟ್ಟು, ಸ್ಕೇಲು ಎಲ್ಲಿದೆ ಎಂದು ನನ್ನನ್ನು ಕೇಳಿ, ಅವರ ಹಿಂದೆಯೇ ಗಾಲಿ ತಿರುಗಿಸಿದರು.