ಒಂದೇ ಧೋತರದ ಮೇಲಿನ ರೊಟ್ಟಿ

ಆಗೆಲ್ಲ ಕುಲಗೋಡದ ನಮ್ಮ ಕೇರಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಬಂತೆಂದರೆ ಕಬ್ಬಿನ ಹಂಗಾಮು ಶುರುವಾಯಿತೆಂದೇ ಅರ್ಥ. ನಾವು ಹುಡುಗಿಯರು ಗಾಡಿಯ ಹಿಂದೆ ಓಡಿ ಕಬ್ಬು ಹಿರಿದುಕೊಂಡು, ತುಟಿ ಸೀಳುವವರೆಗೆ ತಿನ್ನುತ್ತಿದ್ದೆವು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ಆ ವಾಸನೆ ಬರಲಿಲ್ಲ. ನೌಕರಿ ಕಾಯಂ ಮಾಡಿ ಎಂದು ಅಪ್ಪ ಮತ್ತು ಅವನ ಜೊತೆಯ ಕೂಲಿಗಳು ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಮುಷ್ಕರಕ್ಕೆ ಕೂತಿದ್ದರು.

ಯೂನಿಯನ್ ಲೀಡರ್ ಕಲ್ಲಪ್ಪ ಕಾಕಾ ದೊಡ್ಡ ಒಕ್ಕಲು ಮನೆತನದವನು. ಮುಷ್ಕರದ ಊಟಕ್ಕೆ ಅವನದೊಂದು ಕಟ್ಟಳೆ ಇತ್ತು. ಎಲ್ಲ ಓಣಿಗಳ ರೊಟ್ಟಿಯನ್ನೂ ಒಂದೇ ಧೋತರದ ಮೇಲೆ ಸುರಿದು ಬೆರೆಸಬೇಕು. ಯಾರ ಮನೆಯದು ಯಾರ ಕೈಗೆ ಬಂತೆಂದು ತಿಳಿಯಬಾರದು. ನಾವು ದಲಿತರು. ಮೊದಲ ದಿನ ಅವ್ವ ಬುಟ್ಟಿ ಸುರಿದೊಡನೆ ಕೆಲವರು ಕೈ ಹಿಂದೆ ತೆಗೆದರು. ಕಾಕಾ ಅವ್ವನ ರೊಟ್ಟಿಯನ್ನೇ ಎತ್ತಿ, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದ.

"ಭಾಳ ತೆಳ್ಳಗ ಬಡದೀ ನೋಡ ತಂಗಿ. ಉಣ್ರೋ, ಏನ್ ನೋಡಾಕತ್ತೀರಿ?"

ಎಲ್ಲರೂ ಉಂಡರು. ಮರುದಿನದಿಂದ ಅವ್ವ ಹಾಡುತ್ತ ರೊಟ್ಟಿ ಬಡಿಯುತ್ತಿದ್ದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ನೋಡಿರಲೇ ಇಲ್ಲ.

ಮುಷ್ಕರ ಗೆದ್ದಿತು, ಅಪ್ಪನ ನೌಕರಿ ಕಾಯಂ ಆಯಿತು. ಹಿಂದೆಯೇ ಚುನಾವಣೆ ಬಂತು, ಕಾಕಾ ನಿಂತ. ಪ್ರಚಾರದ ಊಟಕ್ಕೂ ಅವ್ವ ಎಂದಿನಂತೆ ಬುಟ್ಟಿ ಹೊತ್ತು ಹೋದಳು, ಜೊತೆಗೆ ನಾನು. ಕಾಕಾ ಅವಳನ್ನು ಬಾಜೂಕ ಕರೆದ.

"ಬ್ಯಾಸರ ಮಾಡ್ಕೋಬ್ಯಾಡ ತಂಗಿ. ದೊಡ್ಡ ಓಣಿ ಮಂದಿ ಓಟು ಕೈ ಬಿಡ್ತಾವ. ಈ ಸಲ ನಿಮ್ಮ ರೊಟ್ಟಿ ಬ್ಯಾರೆ ಇಡು. ಆರಿಸಿ ಬಂದಮ್ಯಾಲ ಮತ್ತ ಕೂಡೇ ಉಣ್ಣೂನು."

"ಬ್ಯಾರೆ ಇಡಾಕ ನಾ ತಂದಿಲ್ರಿ ಅಣ್ಣಾರ," ಎಂದು ಅವ್ವ ಅಲ್ಲೇ ಕೂತಿದ್ದ ಅಪ್ಪನ ಕಡೆ ತಿರುಗಿದಳು. "ಏಳ್ರಿ, ಮನಿಗೆ ಹೋಗೂನು."

ಅಪ್ಪ ತಲೆ ಎತ್ತಲಿಲ್ಲ. "ನೀ ನಡಿ. ನನ್ನ ನೌಕರಿ ಅವರಿಂದನ ಆಗೇತಿ. ಇಲೆಕ್ಷನ್ ಮುಗೀಲಿ."

ನಮ್ಮವರಿಗೆಂದು ಪೆಂಡಾಲಿನ ಹೊರಗೆ ಹಾಕಿದ್ದ ಪಂಕ್ತಿಯಲ್ಲಿ ಅವನು ಹೋಗಿ ಕೂತ. ನಾನು ನೋಡುತ್ತಲೇ ಇದ್ದೆ. ಅವ್ವ ತುಂಬಿದ ಬುಟ್ಟಿಯನ್ನು ಹಾಗೇ ಹೊತ್ತು, ನನ್ನನ್ನು ಕರೆದುಕೊಂಡು ಮನೆಗೆ ನಡೆದಳು.

ಕಾಕಾ ಗೆದ್ದ, ಮುಂದೆಯೂ ಗೆಲ್ಲುತ್ತ ಹೋದ. ಗೋಕಾಕ, ಹುಕ್ಕೇರಿಯ ವೇದಿಕೆಗಳಲ್ಲಿ ಇವತ್ತಿಗೂ ಸಾಮಾಜಿಕ ನ್ಯಾಯದ ಭಾಷಣ ಬಿಗಿಯುತ್ತಾನೆ. ಓಟು ಕೇಳಲು ನಮ್ಮ ಕೇರಿಗೆ ಬರುತ್ತಾನೆ, ನೀರು ಕೂಡ ಕುಡಿಯದೆ ಹೋಗುತ್ತಾನೆ. ಹಾಳಾಗಿ ಹೋಗಲಿ, ಅಂಥ ಲೀಡರುಗಳಿಗೇನು ಬರಗಾಲ! ನನ್ನ ಸಂಕಟ ಅಪ್ಪನದು. ಪೊಲೀಸರ ಲಾಠಿಗೆ ಅಂಜದೆ ಗೇಟಿನ ಮುಂದೆ ಕೂತವನು ಅವನು. ಹೊರಗಿನ ಪಂಕ್ತಿಯಲ್ಲಿ ಉಂಡು ಅಂದು ಸಂಜೆ ಮನೆಗೆ ಬಂದಾಗ ನಾನು ದಿನದಂತೆ ಓಡಿಹೋಗಿ ಅವನ ಕಾಲು ಹಿಡಿದು ಜೋತಾಡಲಿಲ್ಲ. ಈಗ ಅವನಿಗೆ ವಯಸ್ಸಾಗಿದೆ, ನನ್ನ ಮನೆಯಲ್ಲೇ ಇದ್ದಾನೆ. ಔಷಧದ ಮಾತು, ಮಳೆಯ ಮಾತು ಬಿಟ್ಟರೆ ನಮ್ಮಿಬ್ಬರಿಗೂ ಆಡಲು ಏನೂ ಉಳಿದಿಲ್ಲ.