ಸೋನ್ಯಾನ ಕೂದಲು, ಗುರುವಾರದ ಚಪಾತಿ

ದತ್ತ ಮಹಾರಾಜರ ಪಾದ ನಂಬಿದ ಎಲ್ಲರಿಗೂ ನಮಸ್ಕಾರ. ನಾನು ಯಾರ ಮಾತನ್ನೂ ಒಮ್ಮೆಗೇ ಒಪ್ಪುವವಳಲ್ಲ. ಆರಗ ಹಳ್ಳಿಯ ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೊಲದ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತೇ ಮಿರಜಕ್ಕೆ ಹೋಗಿ ಓದಿದೆ. ನಾನು ಬರೆದಿದ್ದನ್ನೂ ನೀವು ಪರೀಕ್ಷಿಸಿಯೇ ಓದಿರಿ.

ಹೋದ ಶ್ರಾವಣದಲ್ಲಿ ನಮ್ಮ ನಾಯಿ ಸೋನ್ಯಾನ ಕೂದಲು ಉದುರತೊಡಗಿತು. ನಾವೀಗ ಇರುವ ವಿಶ್ರಾಮಬಾಗದ ಬಾಡಿಗೆ ಮನೆಯಲ್ಲಿ ನಾನು, ಅವ್ವ, ಅವನು, ಮೂವರೇ. ಮೊದಲು ಬಾಲ ಇಲಿಯ ಬಾಲದಂತೆ ಬೋಳಾಯಿತು. ಆಮೇಲೆ ಎರಡೂ ಪಕ್ಕೆಗಳಲ್ಲಿ, ಯಾರೋ ಅಳತೆ ಹಿಡಿದು ಬೋಳಿಸಿದ ಹಾಗೆ, ಒಂದೇ ಆಕಾರ. ಚರ್ಮ ಕಪ್ಪಾಗಿ ದಪ್ಪಗಾಯಿತು. ತಿನ್ನುವುದು ಕಡಿಮೆ, ತೂಕ ಮಾತ್ರ ಏರುತ್ತಿತ್ತು. ಬಿಸಿಲು ಕಂಡಲ್ಲಿ ಬಿದ್ದುಕೊಳ್ಳುತ್ತಿದ್ದ. ಗೇಟಿನ ಸಪ್ಪಳವಾದರೂ ಏಳುತ್ತಿರಲಿಲ್ಲ.

ರೋಗ ಹೀಗೆ ಎರಡೂ ಕಡೆ ಸಮನಾಗಿ ಬರುತ್ತದೆಯೇ? ಯಾರೋ ಏನೋ ಮಾಡಿದ್ದಾರೆ ಎನಿಸಿತು. ಪಕ್ಕದ ಮನೆಯ ಹಿರಿಯಾಕೆ ಶಾಂತಾ ಮಾವಶಿ ಪ್ರತಿ ಗುರುವಾರ, ದತ್ತನ ನಾಯಿಗೆ ನೈವೇದ್ಯವೆಂದು, ತುಪ್ಪ ಸವರಿದ ಚಪಾತಿ ತಂದು ಸೋನ್ಯಾನಿಗೆ ಹಾಕುತ್ತಿದ್ದರು. ತುಪ್ಪದ ಕೆಳಗೆ ಏನಿತ್ತೋ! "ಇನ್ನ ಚಪಾತಿ ಬ್ಯಾಡ್ರಿ, ಅವನ ಹೊಟ್ಟಿ ಸರಿ ಇಲ್ಲ" ಎಂದೆ.

"ಹೊಟ್ಟಿ ನೋಡಿದ್ರ ಹಂಗೇನ ಕಾಣಂಗಿಲ್ಲವಾ!" ಎಂದು ನಕ್ಕರು. ಆ ನಗುವೂ ನನಗೆ ಸರಿ ಕಾಣಲಿಲ್ಲ.

ಚಪಾತಿ ನಿಂತಿತು, ಕೂದಲು ಉದುರುವುದು ನಿಲ್ಲಲಿಲ್ಲ. ಅಂಗಡಿಯ ಮುಲಾಮೂ ನಾಟಲಿಲ್ಲ. ಮನೆ ಮಾಲೀಕರು ಬಂದು, "ಇದು ಕಜ್ಜಿ. ಎಲ್ಲಾರಿಗೂ ಹತ್ತತೈತಿ. ದತ್ತ ಜಯಂತಿ ಒಳಗ ಇದನ್ನ ಎಲ್ಲೆರ ಬಿಟ್ಟ ಬರ್ರಿ, ಇಲ್ಲಾ ನೀವೂ ಮನಿ ನೋಡಕೋರಿ" ಎಂದರು. ಸಾಂಗ್ಲಿವಾಡಿಯಲ್ಲಿ ಯಾರದಾದರೂ ಹೊಲಕ್ಕೆ ಬಿಡೋಣ ಎಂದ ಅವ್ವ, ಹೇಳಿ ಮುಗಿಸುವಷ್ಟರಲ್ಲಿ ತಾನೇ ಅತ್ತಳು.

ಗುರುವಾರ ಸೋನ್ಯಾನನ್ನು ಕರೆದುಕೊಂಡೇ ದತ್ತ ಮಂದಿರಕ್ಕೆ ಹೋದೆ. ಹೊಸ್ತಿಲ ಹೊರಗೆ ನಿಂತು ಬೇಡಿದೆ: "ಮಹಾರಾಜರೇ, ನಿಮ್ಮ ಕಾಲ ಬಳಿ ನಾಲ್ಕು ನಾಯಿಗಳಿವೆ. ನನಗಿರುವುದು ಒಂದೇ. ಇದನ್ನು ಹೀಗೆ ಮಾಡಿದವರನ್ನು ನನ್ನ ಎದುರು ತಂದು ನಿಲ್ಲಿಸಿರಿ."

ತಿರುಗಿದರೆ ಶಾಂತಾ ಮಾವಶಿ! ಮಾಡಿದವರೇ ಬಂದು ನಿಂತರಲ್ಲ! ಅವರು ಕುಕ್ಕರಿಸಿ ಕುಳಿತು ಸೋನ್ಯಾನ ಪಕ್ಕೆ ಸವರಿದರು. "ಕೆರಕೊಳ್ಳತಾನೇನ?"

"ಇಲ್ರಿ."

"ಕೆರಕೊಳ್ಳದಿದ್ರ ಕಜ್ಜಿ ಹೆಂಗಾದೀತ? ಥಂಡಿ ತಡ್ಯಂಗಿಲ್ಲ, ಉಣ್ಣದಿದ್ರೂ ದಪ್ಪ ಆಗ್ಯಾನ, ಕೂದಲಾ ಹೋಗ್ಯಾವ. ಹೋದ ವರ್ಷ ನಾನೂ ಹಿಂಗ ಇದ್ದೆನಲ್ಲ! ಬಾಲ ಒಂದ ಇರಲಿಲ್ಲ. ನಂಗ ಥೈರಾಯ್ಡ್ ಅಂದ್ರು. ಇವಂದೂ ರಕ್ತಾ ನೋಡಸವಾ."

ನಾಯಿಗೆ ಥೈರಾಯ್ಡೇ? ನನ್ನ ಗಮನ ಬೇರೆ ಕಡೆ ತಿರುಗಿಸುತ್ತಿದ್ದಾರೆ ಎಂದುಕೊಂಡೆ. ಅದು ಸುಳ್ಳೆಂದು ತೋರಿಸಲೆಂದೇ ಮರುದಿನ ಮಿರಜದ ಪಶುವೈದ್ಯರ ಬಳಿ ಹೊರಟೆ. ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ, ರಿಕ್ಷಾದವನು ಗೋಣಿಚೀಲ ಹಾಸಿ ಕೂರಿಸಿಕೊಂಡ.

ರಕ್ತದ ವರದಿ ಬಂದ ಮೇಲೆ ಡಾಕ್ಟರು ಹೇಳಿದರು: "ಥೈರಾಯ್ಡ್ ಖರೇ ಐತ್ರಿ. ಕುತ್ತಿಗ್ಯಾಗಿನ ಗ್ರಂಥಿ ಸುಸ್ತಾಗೇತಿ. ಯಾರಿಗೂ ಹತ್ತೂದಲ್ಲ. ಗುಳಿಗಿ ಮಾತ್ರ ಜೀವ ಇರೋತನಕ ಕೊಡಬೇಕು."

"ಯಾರರ ಏನರ ತಿನ್ನಿಸಿದ್ರ ಹಿಂಗ ಆಗತೈತೇನ್ರಿ?" ಬಿಡದೆ ಕೇಳಿದೆ.

"ತುಪ್ಪಾ ತಿನ್ನಿಸಿದ್ರ ದಪ್ಪ ಆಗತಾನ. ಇದು ಹಂಗ ಬರೂದಲ್ರಿ."

ಇದು ಹತ್ತುವ ರೋಗವಲ್ಲ ಎಂದು ಡಾಕ್ಟರೇ ಫೋನಿನಲ್ಲಿ ಹೇಳಿದ ಮೇಲೆ ಮಾಲೀಕರು, "ಕೂದಲಾ ಬರ್ತಾವೇನ ನೋಡೂನು" ಎಂದು ಸುಮ್ಮನಾದರು. ದತ್ತ ಜಯಂತಿಯ ದಿನ ಸೋನ್ಯಾ ನಮ್ಮ ಮನೆಯಲ್ಲೇ ಇದ್ದ. ಸಂಕ್ರಾಂತಿ ಕಳೆದ ಮೇಲೆ ಪಕ್ಕೆಗಳಲ್ಲಿ ಹತ್ತಿಯಂಥ ಕೂದಲು ಕಂಡಿತು. ಯುಗಾದಿಯ ದಿನ ಗೇಟಿಗೆ ಬಂದ ಮಾಲೀಕರನ್ನು ಬೊಗಳಿ ಹೊರಗೇ ನಿಲ್ಲಿಸಿದ. ಅವ್ವ ಒಳಗೆ ದೇವರಿಗೆ ಕೈ ಮುಗಿದಳು.

ಈಗ ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಮಾವಶಿಯ ದನಿ: "ನಂದು ಗುಳಿಗಿ ಆತು, ಅವಂದು?" ಗುರುವಾರದ ಚಪಾತಿ ಮತ್ತೆ ಬರುತ್ತದೆ, ಡಾಕ್ಟರ ಮಾತಿನಂತೆ ತುಪ್ಪವಿಲ್ಲದೆ, ಸಣ್ಣ ತುಂಡು. ಕೊಡುವ ಮುನ್ನ ನಾನು ಅದನ್ನು ಮೂಸಿ ನೋಡುತ್ತೇನೆ. ಸ್ವಭಾವ ಹೋಗಿಲ್ಲ.

ಕೇಡು ಮಾಡಿದವರನ್ನು ತೋರಿಸಿರಿ ಎಂದು ಬೇಡಿದ್ದೆ, ಮಹಾರಾಜರು ಕಾಯುವವರನ್ನು ತಂದು ನಿಲ್ಲಿಸಿದರು. ಎಲ್ಲವನ್ನೂ ಮೂಸಿ ನೋಡುವ ನಾನು ಮಹಾರಾಜರ ಪ್ರಸಾದವನ್ನು ಮಾತ್ರ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಳ್ಳುತ್ತೇನೆ.